ದಾವಣಗೆರೆ ಬಿಸಿಲಲ್ಲಿ ಶುಂಠಿ ಬಿಯರ್: ಮನೆಯಲ್ಲಿ ಹುದುಗಿಸುವುದನ್ನು ಕಲಿಯೋಣ

ಮನೆಯಲ್ಲೇ ಬಿಯರ್ ಮಾಡೋದು ಹೇಗೆ ಅಂತ ಗೆಳೆಯರು ಆಗಾಗ ಕೇಳುತ್ತಾರೆ. ಅವರಿಗೆ ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. ಒಂದು, 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಎರಡು, ಕಾನೂನು ಬಿಟ್ಟರೂ ನಮ್ಮ ಧಗೆ ಬಿಡುವುದಿಲ್ಲ. ಬಾರ್ಲಿ ಮೊಳಕೆ ಬರಿಸಿ ಒಣಗಿಸಿ ಮಾಲ್ಟ್ ಮಾಡಬೇಕು. ಅದನ್ನು 65 ಡಿಗ್ರಿ ಆಸುಪಾಸಿನ ಬಿಸಿನೀರಲ್ಲಿ ನೆನೆಸಿ ಸಿಹಿನೀರು ತೆಗೆಯಬೇಕು. ಹಾಪ್ಸ್ ಎಂಬ ಕಹಿ ಹೂವು ಹಾಕಿ ಒಂದು ಗಂಟೆ ಕುದಿಸಬೇಕು. ಆಮೇಲೆ ಹುದುಗು ಬರಿಸುವ ಸೂಕ್ಷ್ಮಜೀವಿ ಯೀಸ್ಟ್ ಹಾಕಿ ವಾರಗಟ್ಟಲೆ 18ರಿಂದ 22 ಡಿಗ್ರಿಯಲ್ಲಿ ಇಡಬೇಕು. ದಾವಣಗೆರೆಯಲ್ಲಿ ಏಪ್ರಿಲ್ ತಿಂಗಳು 22 ಡಿಗ್ರಿ ಎಲ್ಲಿಂದ ತರೋಣ? ಅದಕ್ಕಿಂತ ಜಾಸ್ತಿ ಬಿಸಿಯಾದರೆ ಯೀಸ್ಟ್ ಒರಟು ಆಲ್ಕೋಹಾಲ್‌ಗಳನ್ನು ಹುಟ್ಟಿಸುತ್ತದೆ. ರುಚಿಯೂ ಕೆಡುತ್ತದೆ, ಮಾರನೇ ದಿನ ತಲೆಯೂ ಕೆಡುತ್ತದೆ.

ಹಾಗಂತ ಕೈ ಕಟ್ಟಿ ಕೂರಬೇಕಾಗಿಲ್ಲ. ಬಿಯರಿನ ಹತ್ತಿರದ ಸಂಬಂಧಿ ಒಂದಿದೆ, ಶುಂಠಿ ಬಿಯರ್. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಶುಂಠಿ, ಸಕ್ಕರೆ, ನೀರು, ನಿಂಬೆಹುಳಿ ಇಷ್ಟೇ. ಯೀಸ್ಟನ್ನು ಅಂಗಡಿಯಿಂದ ತರುವ ಕೆಲಸವೂ ಇಲ್ಲ. ಅದು ಶುಂಠಿ ಸಿಪ್ಪೆ ಮೇಲೇ ಇರುತ್ತದೆ. ಹುದುಗಿಸುವ ಕಸುಬಿನ ಪಾಠಗಳೆಲ್ಲ ಇದರಲ್ಲೇ ಸಿಗುತ್ತವೆ: ಶುಚಿ, ಹದ, ಗ್ಯಾಸಿನ ಒತ್ತಡ, ಕಾಯುವುದು.

ನಮ್ಮ ಕಡೆಯವರು ಒಂದು ವಿಷಯ ತಿಳಿದಿರಬೇಕು. ಶುಂಠಿ ಬಿಯರಿನ ಪಾಕವಿಧಾನಗಳು ಹೆಚ್ಚಾಗಿ ತಂಪು ದೇಶದವು. "ಮೂರು ದಿನ ಹೊರಗಿಡಿ" ಅಂತ ಬರೆದಿರುತ್ತಾರೆ. ನಮ್ಮ ಬೇಸಿಗೆಯಲ್ಲಿ ಮೂರು ದಿನ ಹೊರಗಿಟ್ಟರೆ ಬಾಂಬ್ ಇಟ್ಟಂತೆ. ನಾನು ಇಟ್ಟಿದ್ದೇನೆ. ಮೊದಲ ಸಲ ಗುಜರಿ ಅಂಗಡಿಯಿಂದ ತಂದ ಗಾಜಿನ ಬಾಟಲಿಯಲ್ಲಿ ತುಂಬಿ, ಅಡುಗೆಮನೆ ಅಟ್ಟದ ಮೇಲೆ ಇಟ್ಟು ಮರೆತೆ. ಎರಡನೇ ದಿನ ಮಧ್ಯಾಹ್ನ ಢಂ ಅಂದಿತು. ಅಮ್ಮ ಸಿಲಿಂಡರ್ ಸಿಡಿಯಿತು ಅಂದುಕೊಂಡು ಬೀದಿಗೇ ಓಡಿದ್ದರು. ಗಾಜಿನ ಚೂರು ಹಪ್ಪಳದ ಡಬ್ಬಿಯಲ್ಲೂ ಸಿಕ್ಕಿತು. ಯಾರಿಗೂ ಏನೂ ಆಗಲಿಲ್ಲ, ಅಡುಗೆಮನೆ ಆ ಹೊತ್ತಿಗೆ ಖಾಲಿ ಇತ್ತು. ಅವತ್ತಿನಿಂದ ನಮ್ಮ ಮನೆಗೆ ಗಾಜಿನ ಬಾಟಲಿ ನಿಷೇಧ.

ಏನೇನು ಬೇಕು

ಬಲಿತ ಶುಂಠಿ ಕಾಲು ಕೆಜಿ ತನ್ನಿ. ಗಡಿಯಾರ ಕಂಬದ ಹತ್ತಿರದ ಮಾರ್ಕೆಟ್ಟಿನಲ್ಲಾಗಲಿ, ಚಿತ್ರದುರ್ಗದವರಾದರೆ ಸಂತೆಯಲ್ಲಾಗಲಿ, ಮಣ್ಣು ಮೆತ್ತಿಕೊಂಡಿರುವ ಶುಂಠಿಯನ್ನೇ ಆರಿಸಿ. ಹೊಳೆಯುವ ಹಾಗೆ ತೊಳೆದು ಜೋಡಿಸಿಟ್ಟ ಶುಂಠಿ ನೋಡಲು ಚೆಂದ. ಆದರೆ ನಮಗೆ ಬೇಕಾದ ಜೀವ ಸಿಪ್ಪೆ ಮೇಲಿರುತ್ತದೆ, ಉಜ್ಜಿ ತೊಳೆದಷ್ಟೂ ಅದು ಕಡಿಮೆ. ಮನೆಗೆ ತಂದಮೇಲೆ ಮಣ್ಣು ಹೋಗುವಷ್ಟು ತಣ್ಣೀರಲ್ಲಿ ತೊಳೆಯಿರಿ ಸಾಕು. ಸಿಪ್ಪೆ ಮಾತ್ರ ತೆಗೆಯಬೇಡಿ.

ಸಕ್ಕರೆ ಬಿಳಿಯದ್ದೇ ಇರಲಿ. ಬೆಲ್ಲ ಹಾಕಬಹುದಾ? ಹಾಕಬಹುದು, ರುಚಿಯೂ ಚೆನ್ನಾಗಿರುತ್ತದೆ. ಆದರೆ ಹಳದಿ ಬಣ್ಣದ ಥಳಥಳ ಬೆಲ್ಲ ಬೇಡ. ಬಣ್ಣ ಬರಲೆಂದು ಅದಕ್ಕೆ ಗಂಧಕದ ರಾಸಾಯನಿಕ ಹಾಕಿರುತ್ತಾರೆ, ಅದು ಯೀಸ್ಟಿಗೆ ಆಗಿಬರುವುದಿಲ್ಲ. ಕಪ್ಪು ಬೆಲ್ಲ ತಂದು, ಕರಗಿಸಿ, ಕುದಿಸಿ, ಶೋಧಿಸಿ. ಬೆಲ್ಲದಲ್ಲಿ ಖನಿಜಾಂಶ ಇರುವುದರಿಂದ ಯೀಸ್ಟ್ ಇನ್ನೂ ಚುರುಕಾಗುತ್ತದೆ, ಅದೂ ನೆನಪಿರಲಿ. ಮೊದಲ ಎರಡು ಸಲ ಸಕ್ಕರೆಯಲ್ಲೇ ಮಾಡಿ ಕೈ ಕುದುರಿಸಿಕೊಳ್ಳಿ.

ನೀರಿನ ವಿಷಯದಲ್ಲಿ ಅರ್ಧ ಜನ ಎಡವುತ್ತಾರೆ. ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಕ್ರಿಮಿ ಕೊಲ್ಲುವ ಕ್ಲೋರಿನ್‌ಗೆ ಯೀಸ್ಟ್ ಬೇರೆ, ರೋಗಾಣು ಬೇರೆ ಅಂತ ಗೊತ್ತಾಗುವುದಿಲ್ಲವಲ್ಲ. ನಲ್ಲಿ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ ಆರಿಸಿ. ಚಿತ್ರದುರ್ಗ, ಚಳ್ಳಕೆರೆ, ಜಗಳೂರು ಕಡೆ ಬೋರ್ ನೀರು ಗಡಸು, ಎಷ್ಟೋ ಕಡೆ ಫ್ಲೋರೈಡ್ ಬೇರೆ. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ಅಲ್ಲಿಯವರು ನಾಣ್ಯ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಬಳಸಿ.

ಸಾಮಾನು ಹೆಚ್ಚೇನೂ ಬೇಡ. ಒಂದು ಲೀಟರಿನ ಗಾಜಿನ ಜಾರ್, ಅದರ ಬಾಯಿಗೆ ತೆಳು ಕಾಟನ್ ಬಟ್ಟೆ, ರಬ್ಬರ್ ಬ್ಯಾಂಡ್, ಸ್ಟೀಲ್ ಪಾತ್ರೆ, ಜರಡಿ, ಆಲಿಕೆ. ಜಾರಿನ ಬಾಯಿ ಬರೀ ಬಟ್ಟೆಯದ್ದು, ಗ್ಯಾಸ್ ಹೊರಗೆ ಹೋಗುತ್ತದೆ, ಹಾಗಾಗಿ ಅದೊಂದು ಗಾಜಿಗೆ ಮಾಫಿ. ಅಡುಗೆ ತೂಕದ ಯಂತ್ರ ಇದ್ದರೆ ಒಳ್ಳೆಯದು. ತುಂಬುವುದಕ್ಕೆ ಕೋಲಾ ಅಥವಾ ಸೋಡಾ ಬಂದ 750 ಎಂಎಲ್ ಪ್ಲಾಸ್ಟಿಕ್ ಬಾಟಲಿ ಮೂರು. ಮಿನರಲ್ ವಾಟರ್ ಬಾಟಲಿ ಬೇಡವೇ ಬೇಡ. ಅದು ತೆಳು, ಒತ್ತಡ ತಡೆಯಲೆಂದು ಮಾಡಿದ್ದಲ್ಲ. ಗೋಲಿ ಸೋಡಾ ಬಾಟಲಿ ಯಾಕಾಗಬಾರದು ಅಂತ ಒಬ್ಬರು ಕೇಳಿದ್ದರು. 1872ರಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷಿನವನು ಪೇಟೆಂಟ್ ಪಡೆದ ಬಾಟಲಿ ಅದು. ಒಳಗಿನ ಗ್ಯಾಸೇ ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ನಮ್ಮ ಬಾಟಲಿಯಲ್ಲಿ ಶುರುವಿಗೆ ಗ್ಯಾಸೇ ಇರುವುದಿಲ್ಲ, ಗೋಲಿ ನಿಲ್ಲುವುದಾದರೂ ಹೇಗೆ?

ಎಲ್ಲವನ್ನೂ ಸೋಪಿನಲ್ಲಿ ತೊಳೆದು, ಸೋಪು ಪೂರ್ತಿ ಹೋಗುವ ಹಾಗೆ ಜಾಲಿಸಿ. ಸ್ಟೀಲು, ಗಾಜಿಗೆ ಬಿಸಿನೀರು ಹಾಕಿ. ಪ್ಲಾಸ್ಟಿಕ್ ಬಾಟಲಿಗೆ ಕುದಿಯುವ ನೀರು ಹಾಕಿದರೆ ಸುರುಟಿಕೊಳ್ಳುತ್ತದೆ. ಉಗುರುಬೆಚ್ಚಗಿನ ನೀರು ಸಾಕು.

ಮೊದಲು ಶುಂಠಿ ಹೆಪ್ಪು

ಹಾಲಿಗೆ ಹೆಪ್ಪು ಹೇಗೋ, ಶುಂಠಿ ಬಿಯರಿಗೆ ಇದು ಹಾಗೆ. ಎದುರು ಮನೆ ಅಜ್ಜಿಗೆ ಯೀಸ್ಟು, ಬ್ಯಾಕ್ಟೀರಿಯಾ ಅಂತ ಐದು ನಿಮಿಷ ವಿವರಿಸಿದೆ. ಅವರು "ಹೆಪ್ಪು ಅನ್ನಪ್ಪ, ಅದಕ್ಯಾಕೆ ಇಷ್ಟು ಮಾತು" ಅಂದರು. ಅಲ್ಲಿಂದ ನಾನೂ ಹೆಪ್ಪು ಅಂತಲೇ ಕರೆಯುತ್ತೇನೆ.

ಜಾರಿಗೆ ಅರ್ಧ ಲೀಟರ್ ಆರಿದ ನೀರು ಹಾಕಿ. ಸಿಪ್ಪೆ ಸಮೇತ ತುರಿದ ಶುಂಠಿ ಎರಡು ದೊಡ್ಡ ಚಮಚ, ಸಕ್ಕರೆ ಎರಡು ದೊಡ್ಡ ಚಮಚ ಹಾಕಿ ಚೆನ್ನಾಗಿ ಕಲಸಿ. ಬಟ್ಟೆ ಕಟ್ಟಿ, ಬಿಸಿಲು ಬೀಳದ ಜಾಗದಲ್ಲಿಡಿ. ಮಾರನೇ ದಿನದಿಂದ ದಿನಕ್ಕೊಂದು ಸಲ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ಉಣಿಸಿ. ದಿನಕ್ಕೆ ಎರಡು ಮೂರು ಸಲ ಒಣ ಚಮಚದಿಂದ ತಿರುವಿ. ತಿರುವುವುದನ್ನು ಬಿಟ್ಟರೆ ಮೇಲೆ ತೇಲುವ ಶುಂಠಿಗೆ ಬೂಸ್ಟು ಹಿಡಿಯುತ್ತದೆ.

ಬೇಸಿಗೆಯಲ್ಲಿ ನನ್ನ ಹೆಪ್ಪು ಮೂರನೇ ದಿನಕ್ಕೆ ಏಳುತ್ತದೆ. ಡಿಸೆಂಬರಿನಲ್ಲಿ ಐದಾರು ದಿನ ಬೇಕು. ಎದ್ದಿದೆ ಅಂತ ಗೊತ್ತಾಗುವುದು ಹೀಗೆ: ಶುಂಠಿ ಮೇಲೆ ತೇಲುತ್ತದೆ, ಸುತ್ತ ಬಿಳಿ ನೊರೆ ಕಟ್ಟುತ್ತದೆ, ತಿರುವಿದರೆ ಚುಯ್ ಅನ್ನುತ್ತದೆ. ಮೂಸಿದರೆ ಶುಂಠಿಯ ಜೊತೆ ಬನ್ನಿನ ವಾಸನೆ, ಬಾಯಿಗೆ ಹಾಕಿಕೊಂಡರೆ ಸಿಹಿ ಕಡಿಮೆ, ಹುಳಿ ಜಾಸ್ತಿ. ಆ ಹುಳಿ ಬರಿಸುವುದು ಮಜ್ಜಿಗೆಯ ಬಳಗದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ. ಕೆಟ್ಟ ಕ್ರಿಮಿಗಳನ್ನು ದೂರ ಇಡುವುದೂ ಆ ಹುಳಿಯೇ.

ಹಸಿರು, ಕಪ್ಪು, ಗುಲಾಬಿ ಬಣ್ಣದ ಅಥವಾ ಹತ್ತಿಯಂಥ ಬೂಸ್ಟು ಕಂಡರೆ ಮೇಲಿನದ್ದನ್ನು ತೆಗೆದು ಉಳಿದದ್ದನ್ನು ಉಳಿಸಿಕೊಳ್ಳಲು ಹೋಗಬೇಡಿ. ಪೂರ್ತಿ ಚೆಲ್ಲಿ. ಹೋಗುವುದು ಹತ್ತಿಪ್ಪತ್ತು ರೂಪಾಯಿಯ ಶುಂಠಿ.

ಕೆಲವು ಸಲ ಹೆಪ್ಪು ಲೋಳೆಯಾಗುತ್ತದೆ. ಚಮಚ ಎತ್ತಿದರೆ ಬೆಂಡೆಕಾಯಿಯಂತೆ ಎಳೆ ಎಳೆ. ಕೆಲವು ಬ್ಯಾಕ್ಟೀರಿಯಾ ಸಕ್ಕರೆಯನ್ನೇ ಅಂಟು ಮಾಡಿಬಿಡುತ್ತವೆ. ವಿಷವೇನಲ್ಲ, ಆದರೆ ಕುಡಿಯಲು ಮನಸ್ಸಾಗುವುದಿಲ್ಲ. ನಾನು ಚೆಲ್ಲಿ ಹೊಸದು ಶುರು ಮಾಡುತ್ತೇನೆ.

ಧಗೆ ವಿಪರೀತವಾದಾಗ ಹೆಪ್ಪು ಬೇಗ ಹುಳಿಯಾಗುತ್ತದೆ, ನೊರೆ ಕಡಿಮೆ. ಅದಕ್ಕೆ ಹಳೇ ಉಪಾಯ ಇದೆ. ತಟ್ಟೆಯಲ್ಲಿ ಎರಡು ಬೆರಳು ನೀರು ಹಾಕಿ ಜಾರ್ ನಿಲ್ಲಿಸಿ, ಸುತ್ತ ಒದ್ದೆ ಬಟ್ಟೆ ಸುತ್ತಿ, ಬಟ್ಟೆಯ ಅಂಚು ನೀರಲ್ಲಿ ಮುಳುಗಿರಲಿ. ನಮ್ಮ ಬೇಸಿಗೆ ಗಾಳಿ ಒಣ, ನೀರು ಆವಿಯಾಗುತ್ತಾ ಜಾರನ್ನು ತಂಪು ಮಾಡುತ್ತದೆ. ಮಡಕೆ ನೀರು ತಣ್ಣಗಾಗುವುದೂ ಹೀಗೇ ಅಲ್ವಾ.

ಬಿಯರ್ ಕಾಯಿಸುವ ದಿನ

ಈ ಕೆಲಸ ಸಂಜೆ ಇಟ್ಟುಕೊಳ್ಳಿ. ಕಾರಣ ಆಮೇಲೆ ಹೇಳುತ್ತೇನೆ.

ಎರಡು ಲೀಟರ್ ನೀರಿನ ಲೆಕ್ಕ ಇದು. ಒಂದು ಲೀಟರನ್ನು ಮೊದಲೇ ಕುದಿಸಿ, ಆರಿಸಿ, ಫ್ರಿಜ್ಜಿನಲ್ಲಿಟ್ಟಿರಿ. ಇನ್ನೊಂದು ಲೀಟರಿಗೆ 100 ಗ್ರಾಂ ಶುಂಠಿ ತುರಿದು ಹಾಕಿ, ಮುಚ್ಚಳ ಮುಚ್ಚಿ ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಖಾರ ಇಷ್ಟ ಇರುವವರು ನಾಲ್ಕು ಕಾಳುಮೆಣಸು ಜಜ್ಜಿ ಹಾಕಿ. ಉರಿ ಆರಿಸಿ 120 ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು ಹಾಕಿ ಕರಗಿಸಿ. ಶೋಧಿಸಿ, ಫ್ರಿಜ್ಜಿನ ನೀರು ಬೆರೆಸಿ.

ಈಗ ಹದ ನೋಡಬೇಕು. ಹಾಲಿಗೆ ಹೆಪ್ಪು ಹಾಕುವಾಗ ಬೆರಳು ಅದ್ದಿ ನೋಡುತ್ತೇವಲ್ಲ, ಅದಕ್ಕಿಂತ ತಣ್ಣಗಿರಬೇಕು. ಬೆರಳಿಗೆ ಬಿಸಿಯೂ ಅಲ್ಲ, ತಂಪೂ ಅಲ್ಲ ಅನ್ನಿಸಬೇಕು. ಥರ್ಮಾಮೀಟರ್ ಇದ್ದರೆ 30 ಡಿಗ್ರಿ. ಬಿಸಿ ಇರುವಾಗಲೇ ಅವಸರದಲ್ಲಿ ಹೆಪ್ಪು ಸುರಿದರೆ ಯೀಸ್ಟ್ ಸತ್ತಿತು, ಮೂರು ದಿನ ಕಾದರೂ ಒಂದು ಗುಳ್ಳೆ ಏಳುವುದಿಲ್ಲ.

ಹದಕ್ಕೆ ಬಂದಮೇಲೆ ಎರಡು ನಿಂಬೆಹಣ್ಣು ಹಿಂಡಿ. ಹೆಪ್ಪಿನಿಂದ 200 ಎಂಎಲ್ ತಿಳಿ ಶೋಧಿಸಿ ಹಾಕಿ ಕಲಸಿ. ಶೋಧಿಸುವ ಮುಂಚೆ ಜಾರನ್ನು ಒಮ್ಮೆ ತಿರುವಿ, ಯೀಸ್ಟ್ ತಳದಲ್ಲಿ ಕೂತಿರುತ್ತದೆ.

ಆಲಿಕೆ ಇಟ್ಟು ಮೂರು ಬಾಟಲಿಗೆ ತುಂಬಿ, ಮೇಲೆ ನಾಲ್ಕು ಬೆರಳು ಜಾಗ ಬಿಡಿ. ಬಾಟಲಿಯ ಹೊಟ್ಟೆ ಅದುಮಿ ಗಾಳಿಯನ್ನೆಲ್ಲ ಹೊರಗೆ ಹಾಕಿ, ಅದುಮಿ ಹಿಡಿದಂತೆಯೇ ಮುಚ್ಚಳ ಬಿಗಿ ಮಾಡಿ. ಬಾಟಲಿ ಸೊಟ್ಟಗೆ ಕಾಣುತ್ತದೆ, ಕಾಣಲಿ. ಗ್ಯಾಸ್ ಹುಟ್ಟುತ್ತಾ ಹೋದಂತೆ ಅದು ತಾನೇ ಉಬ್ಬಿ ನೆಟ್ಟಗಾಗುತ್ತದೆ. ಒಳಗೆ ಏನು ನಡೆಯುತ್ತಿದೆ ಎಂದು ಹೊರಗಿನಿಂದಲೇ ಓದಬಹುದು.

ಬೆರಳೇ ಗಡಿಯಾರ

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ನಾನು ಸುಟ್ಟುಕೊಂಡ ಜಾಗ ಇದು.

ಯೀಸ್ಟ್ ಸಕ್ಕರೆ ತಿಂದು ಹೆಚ್ಚು ಕಡಿಮೆ ಅರ್ಧ ಭಾಗ ಆಲ್ಕೋಹಾಲ್, ಅರ್ಧ ಭಾಗ ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಒಂದು ಲೀಟರಿನಲ್ಲಿ 4 ಗ್ರಾಂ ಸಕ್ಕರೆ ಕರಗಿ ಹೋದರೆ ಸುಮಾರು ಒಂದು ಲೀಟರ್ ಗ್ಯಾಸ್ ಹುಟ್ಟುತ್ತದೆ. ಅಂಗಡಿಯ ಕೋಲಾದಲ್ಲಿ ಲೀಟರಿಗೆ ಮೂರೂವರೆಯಿಂದ ನಾಲ್ಕು ಲೀಟರ್ ಗ್ಯಾಸ್ ತುಂಬಿರುತ್ತಾರೆ. ಅಂದರೆ 16 ಗ್ರಾಂ ಸಕ್ಕರೆ ಖರ್ಚಾಗುವಷ್ಟರಲ್ಲಿ ನಮ್ಮ ಬಾಟಲಿ ಕೋಲಾ ಬಾಟಲಿಯಷ್ಟು ಗಟ್ಟಿ. ನಾವು ಹಾಕಿದ್ದು ಎಷ್ಟು? ಲೀಟರಿಗೆ 60 ಗ್ರಾಂ. ಬಿಟ್ಟರೆ ಅದಷ್ಟನ್ನೂ ತಿಂದು ಹದಿನೈದು ಲೀಟರ್ ಗ್ಯಾಸ್ ಮಾಡುತ್ತದೆ. ಯಾವ ಬಾಟಲಿ ತಡೆದೀತು? ಕುಡಿಯುವಾಗ ಸಿಗುವ ಸಿಹಿ, ಯೀಸ್ಟ್ ತಿನ್ನದೆ ಉಳಿಸಿದ್ದು. ಅದು ಸಿಹಿಯೂ ಹೌದು, ಸಿಡಿಮದ್ದೂ ಹೌದು.

ಆಲ್ಕೋಹಾಲ್ ಲೆಕ್ಕವೂ ಇದರಲ್ಲೇ ಇದೆ. 16 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಒಂದು ಪರ್ಸೆಂಟ್ ಆಲ್ಕೋಹಾಲ್. 8 ಗ್ರಾಂಗೆ ನಿಲ್ಲಿಸಿದರೆ ಅರ್ಧ ಪರ್ಸೆಂಟ್. ಮಾಮೂಲಿ ಬಿಯರಿನಲ್ಲಿ ಐದರ ಆಸುಪಾಸು ಇರುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಅರ್ಧ ಪರ್ಸೆಂಟ್ ದಾಟಿದ್ದು ಆಲ್ಕೋಹಾಲ್ ಇರುವ ಪಾನೀಯ. ಹಾಗಾಗಿ ಬೇಗ ನಿಲ್ಲಿಸುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಲೀಟರಿಗೆ ಎರಡು ಲೀಟರ್ ಗ್ಯಾಸ್ ಇದ್ದರೂ ಬಾಯಲ್ಲಿ ಚೆನ್ನಾಗಿಯೇ ಚುರುಗುಡುತ್ತದೆ, ಎಷ್ಟೋ ಬಿಯರ್‌ಗಳಲ್ಲಿ ಇರುವುದೂ ಅದಕ್ಕಿಂತ ತುಸು ಹೆಚ್ಚು ಅಷ್ಟೇ. ಆದರೂ ಇದು ಮದ್ಯ ಅಲ್ಲವೇ ಅಲ್ಲ ಅಂತ ಪ್ರಮಾಣ ಮಾಡಿ ಯಾರಿಗೂ ಕುಡಿಸಬೇಡಿ. ಮನೆಯಲ್ಲಿ ಅಳೆಯುವುದು ಕಷ್ಟ. ಮಕ್ಕಳಿಗೆ, ಬಸುರಿಯರಿಗೆ, ಕುಡಿತ ಬಿಟ್ಟವರಿಗೆ, ಆಲ್ಕೋಹಾಲ್ ತಾಕಿಸಬಾರದ ಮಾತ್ರೆ ತಗೊಳ್ಳುವವರಿಗೆ ನಾನು ಕೊಡುವುದಿಲ್ಲ. ಅವರಿಗೆ ಅದೇ ಶುಂಠಿ ಕಷಾಯಕ್ಕೆ ಹೆಪ್ಪು ಹಾಕದೆ ಸೋಡಾ ಬೆರೆಸಿ ಕೊಡುತ್ತೇನೆ. ಮಾರುವ ಯೋಚನೆಯಂತೂ ಬೇಡ.

ಎಷ್ಟು ಹೊತ್ತು ಹೊರಗಿಡಬೇಕು? ನಮ್ಮ ಅಡುಗೆಮನೆಯಲ್ಲಿ ಮೇ ತಿಂಗಳು ಎಂಟರಿಂದ ಹನ್ನೆರಡು ಗಂಟೆ, ಮಳೆಗಾಲದಲ್ಲಿ ಒಂದು ದಿನ, ಚಳಿಗಾಲದಲ್ಲಿ ಒಂದೂವರೆ ಎರಡು ದಿನ. ನಿಮ್ಮ ಮನೆ ಹೆಂಚಿನದ್ದೋ ಆರ್‌ಸಿಸಿಯದ್ದೋ, ಹೆಪ್ಪು ಎಷ್ಟು ಚುರುಕೋ, ಅದರ ಮೇಲೆ ಬದಲಾಗುತ್ತದೆ. ಅದಕ್ಕೇ ಗಡಿಯಾರ ನಂಬಬೇಡಿ, ಬಾಟಲಿ ಒತ್ತಿ ನೋಡಿ. ಸಂಜೆ ತುಂಬಿ ಅಂದದ್ದೂ ಇದಕ್ಕೇ. ರಾತ್ರಿ ತಂಪಲ್ಲಿ ನಿಧಾನಕ್ಕೆ ನಡೆಯುತ್ತದೆ, ಮಲಗುವ ಮುಂಚೆ ಒಮ್ಮೆ, ಬೆಳಗ್ಗೆ ಎದ್ದ ತಕ್ಷಣ ಒಮ್ಮೆ ಒತ್ತಿ ನೋಡಬಹುದು. ಬೆಳಗ್ಗೆ ತುಂಬಿ ಕೆಲಸಕ್ಕೆ ಹೋದರೆ ಮಧ್ಯಾಹ್ನದ ಧಗೆಯಲ್ಲಿ ಅದನ್ನು ನೋಡುವವರಿಲ್ಲ.

ಸೊಟ್ಟಗಿದ್ದ ಬಾಟಲಿ ಪೂರ್ತಿ ನೆಟ್ಟಗಾಗಿ, ಹೆಬ್ಬೆರಳಲ್ಲಿ ಒತ್ತಿದರೆ ತುಸು ಮಾತ್ರ ಬಗ್ಗುವ ಹಂತ ಬಂದರೆ ಸಾಕು. ಫ್ರಿಜ್ಜಿಗೆ ಹೋಗಲಿ. ಕಲ್ಲಿನಂತೆ ಆಗುವವರೆಗೂ ಕಾಯಬೇಡಿ. ಮನೆಯಿಂದ ಹೊರಗೆ ಹೋಗಬೇಕಾಗಿ ಬಂದರೆ ಬಾಟಲಿ ಯಾವ ಹಂತದಲ್ಲಿದ್ದರೂ ಒಳಗಿಡಿ, ಬಂದು ಮತ್ತೆ ತೆಗೆದಿಟ್ಟರಾಯಿತು. ಕರೆಂಟ್ ಹೋಗಿ ಗಂಟೆಗಟ್ಟಲೆ ಬರದಿದ್ದರೆ ಫ್ರಿಜ್ಜಿನೊಳಗಿನ ಬಾಟಲಿಯನ್ನೂ ಒತ್ತಿ ನೋಡಿ. ಚಳಿಯಲ್ಲಿ ಯೀಸ್ಟ್ ತೂಕಡಿಸುತ್ತದೆ ಅಷ್ಟೇ, ಸಾಯುವುದಿಲ್ಲ. ಹೆಚ್ಚು ಬಿಗಿ ಅನ್ನಿಸಿದರೆ ಮುಚ್ಚಳ ಕಾಲು ಸುತ್ತು ಸಡಿಲಿಸಿ ಗ್ಯಾಸ್ ಬಿಟ್ಟು ಮತ್ತೆ ಬಿಗಿ ಮಾಡಿ. ಒಂದು ವಾರದೊಳಗೆ ಮುಗಿಸಿ.

ಕನಿಷ್ಠ ಆರು ಗಂಟೆ ಫ್ರಿಜ್ಜಿನಲ್ಲಿಟ್ಟು ಆಮೇಲೆ ತೆರೆಯಿರಿ. ತಣ್ಣಗಾದಷ್ಟೂ ಗ್ಯಾಸ್ ನೀರಿನೊಳಗೆ ಇಳಿದು ನಿಲ್ಲುತ್ತದೆ. ಬೆಚ್ಚಗಿರುವಾಗ ತೆರೆದರೆ ಅರ್ಧ ಬಿಯರ್ ಗೋಡೆಗೆ. ಸಿಂಕಿನ ಮೇಲೆ ಹಿಡಿದು, ಮುಖದಿಂದ ದೂರ ಇಟ್ಟುಕೊಂಡು, ನಿಧಾನಕ್ಕೆ ತಿರುಗಿಸಿ. ತಳದ ಬಿಳಿ ಗಸಿ ಯೀಸ್ಟ್, ಕುಡಿದರೆ ತೊಂದರೆ ಇಲ್ಲ. ಬೇಡ ಅಂದರೆ ಅಲುಗಿಸದೆ ಬಗ್ಗಿಸಿಕೊಳ್ಳಿ. ಜೊತೆಗೆ ಖಾರ ಮಂಡಕ್ಕಿ, ಬಿಸಿ ಮಿರ್ಚಿ ಇದ್ದರೆ ಸಂಜೆಗೆ ಬೇರೇನೂ ಬೇಡ.

ಸರಿ ಬರದಿದ್ದರೆ

ಗ್ಯಾಸೇ ಬರಲಿಲ್ಲ ಅಂದರೆ ಮೂರೇ ಅನುಮಾನ: ಹೆಪ್ಪು ಏಳದೇ ಹಾಕಿದ್ದೀರಿ, ಬಿಸಿಯಲ್ಲಿ ಹಾಕಿದ್ದೀರಿ, ಇಲ್ಲ ನೀರಲ್ಲಿ ಕ್ಲೋರಿನ್ ಇತ್ತು. ಮುಚ್ಚಳ ಹಳೆಯದಾಗಿ ಸೋರುವುದೂ ಉಂಟು, ಬಾಟಲಿ ತಲೆಕೆಳಗೆ ಮಾಡಿ ನೋಡಿ. ತೀರಾ ಹುಳಿಯಾದರೆ ಮುಂದಿನ ಸಲ ತಂಪಾದ ಮೂಲೆ ಹುಡುಕಿ. ಕೊಳೆತ ಮೊಟ್ಟೆ ವಾಸನೆ ಸ್ವಲ್ಪ ಇದ್ದರೆ ಯೀಸ್ಟ್ ಹಸಿದಿದೆ ಅಂತ, ಹೆಪ್ಪಿಗೆ ಎರಡು ದಿನ ಸರಿಯಾಗಿ ಉಣಿಸಿದರೆ ಹೋಗುತ್ತದೆ. ಬೇರೆ ಯಾವುದೇ ಅಸಹ್ಯ ವಾಸನೆ ಬಂದರೆ ಚೆಲ್ಲಿ.

ಕೈ ಕುದುರಿದ ಮೇಲೆ ರುಚಿ ಬದಲಿಸಬಹುದು. ಹೊಸದುರ್ಗ, ಹಿರಿಯೂರು ಕಡೆಯ ದಾಳಿಂಬೆ ಸಿಕ್ಕಾಗ ನಾನು ಅರ್ಧ ಲೀಟರ್ ನೀರು ಕಡಿಮೆ ಮಾಡಿ ಅಷ್ಟೇ ರಸ ಹಾಕುತ್ತೇನೆ. ಬಣ್ಣ ನೋಡಿಯೇ ಖುಷಿ. ರಸದಲ್ಲೇ 60 ಗ್ರಾಮಿಗಿಂತ ಹೆಚ್ಚು ಸಕ್ಕರೆ ಇರುವುದರಿಂದ ಹಾಕುವ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಗಬಗಬ ತಿನ್ನುತ್ತದೆ, ಬಾಟಲಿಯನ್ನು ಇನ್ನೂ ಬೇಗ ಒತ್ತಿ ನೋಡಬೇಕು. ಸೊಗದೆ ಬೇರು ಸಿಕ್ಕರೆ ಶುಂಠಿ ಕುದಿಯುವಾಗ ಒಂದು ಹಿಡಿ ಜಜ್ಜಿ ಹಾಕಿ, ಘಮ ಬೇರೆಯೇ ಬರುತ್ತದೆ. ಬಿಯರಿನ ಮಾಲ್ಟ್ ರುಚಿ ಬರಲಿ ಅಂತ ಮೊಳಕೆ ರಾಗಿ ಹಿಟ್ಟು ಹಾಕಿ ನೋಡಿದ್ದೇನೆ. ಸಿಕ್ಕಿದ್ದು ಗ್ಯಾಸ್ ತುಂಬಿದ ಅಂಬಲಿ. ಅಪ್ಪ ಮಾತ್ರ ಎರಡು ಲೋಟ ಕುಡಿದರು.

ಹೆಪ್ಪಿನಿಂದ 200 ಎಂಎಲ್ ತೆಗೆದ ಮೇಲೆ ಅಷ್ಟೇ ನೀರು, ಎರಡು ಚಮಚ ಶುಂಠಿ, ಎರಡು ಚಮಚ ಸಕ್ಕರೆ ಹಾಕಿ, ಎರಡು ದಿನದಲ್ಲಿ ಮತ್ತೆ ಸಿದ್ಧ. ಜಾರ್ ಶುಂಠಿಯಿಂದಲೇ ತುಂಬಿತು ಅನ್ನಿಸಿದಾಗ ಹಳೆಯದ್ದರಲ್ಲಿ ಅರ್ಧ ತೆಗೆದು ಗಿಡಕ್ಕೆ ಹಾಕಿ. ನಾಯಕನಹಟ್ಟಿ ಜಾತ್ರೆಗೋ ಮದುವೆಗೋ ಊರು ಬಿಟ್ಟು ಹೋಗುವುದಿದ್ದರೆ ಫ್ರಿಜ್ಜಿಗೆ ತಳ್ಳಿ, ವಾರಕ್ಕೊಂದು ಸಲ ಒಂದೊಂದು ಚಮಚ ಉಣಿಸಿದರೆ ಸಾಕು. ನನ್ನದು ಒಮ್ಮೆ ಪೂರ್ತಿ ಹಾಳಾದಾಗ ಎದುರು ಮನೆ ಅಜ್ಜಿಯ ಹತ್ತಿರ ಲೋಟ ಹಿಡಿದುಕೊಂಡು ಹೋದೆ. ನಾನೇ ಕೊಟ್ಟಿದ್ದ ಹೆಪ್ಪು, ಅವರ ಮನೆಯಲ್ಲಿ ನನ್ನದಕ್ಕಿಂತ ಚೆನ್ನಾಗಿ ನೊರೆಗಟ್ಟಿತ್ತು.